‘ದೇವಾಲಯ ಚಕ್ರವರ್ತಿ’ ಎಂಬ ಬಿರುದಿನ ಔಚಿತ್ಯ

ನಮ್ಮ ನವಲಿಯಿಂದ ಪಶ್ಚಿಮಕ್ಕೆ, ಕುಕನೂರಿನ ಸಮೀಪದಲ್ಲಿ, ಇಟಗಿಯೆಂಬ ಗ್ರಾಮವುಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ಅಲ್ಲಿ ಕಟ್ಟಿಸಿದ ಮಹಾದೇವ ದೇವಾಲಯವನ್ನು ಕ್ರಿ. ಶ. 1112ರ ಶಾಸನವು ‘ದೇವಾಲಯ ಚಕ್ರವರ್ತಿ’ಯೆಂದು ಕೊಂಡಾಡಿದೆ. ಈ ಮಾತು ವಿದ್ವಾಂಸರಿಗೆಲ್ಲ ಪರಿಚಿತವಾದುದೇ. ಆದರೆ ಇದು ಶಾಸನಕವಿಗಳ ವಾಡಿಕೆಯ ಅತಿಶಯೋಕ್ತಿಯೆಂದು ಕೆಲವರು ಬಿಡುತ್ತಾರೆ. ಕೆತ್ತನೆಯ ಸೂಕ್ಷ್ಮತೆಗೆ ಸಂದ ಪ್ರಶಂಸೆಯೆಂದು ಮತ್ತೆ ಕೆಲವರು ತಿಳಿಯುತ್ತಾರೆ. ಈ ಎರಡು ಅಭಿಪ್ರಾಯಗಳೂ ಸಮಂಜಸವಲ್ಲವೆಂದು ನನ್ನ ಎಣಿಕೆ.

ಚಕ್ರವರ್ತಿಯೆಂಬ ಪದವು ಸಾಪೇಕ್ಷವಾದುದು. ಸಾಮಂತರಿಲ್ಲದೆ ಚಕ್ರವರ್ತಿಯಿಲ್ಲ. ಇದನ್ನು ನೆನೆದು ಗುಡಿಯ ಆವರಣವನ್ನು ನೋಡಬೇಕು. ಪೂರ್ವಾಭಿಮುಖವಾದ ಪ್ರಧಾನ ದೇವಾಲಯದ ಸುತ್ತ ಹದಿಮೂರು ಚಿಕ್ಕ ಗುಡಿಗಳಿದ್ದು, ಒಂದೊಂದರಲ್ಲಿಯೂ ಲಿಂಗವುಂಟು. ಇವಲ್ಲದೆ ದಂಡನಾಯಕನು ತಂದೆತಾಯಿಗಳ ಸ್ಮರಣೆಗಾಗಿ ಮೂರ್ತಿನಾರಾಯಣನಿಗೂ ಚಂದ್ರಲೇಶ್ವರಿಗೂ ಗುಡಿಗಳನ್ನೆತ್ತಿಸಿದನು. ಓಲಗದ ನಡುವೆ ಅರಸು ಕುಳಿತಂತೆ ಪ್ರಧಾನ ದೇವಾಲಯವು ಇವುಗಳ ನಡುವೆ ನಿಂತಿದೆ. ಇನ್ನು ಗೋಡೆಯ ಅರೆಗಂಬಗಳ ಮೇಲೆ ಕಿರುಶಿಖರಗಳನ್ನು ಕಡೆದಿದ್ದಾರೆ. ಹೊರಗೆ ಆವರಣದಲ್ಲಿ ಕಾಣುವ ಕ್ರಮವೇ ಭಿತ್ತಿಯಲ್ಲಿ ಕಿರಿದಾಗಿ ಮರಳಿ ಬಂದಿದೆ. ಆದುದರಿಂದ ಕವಿಯ ಮಾತು ಶಿಲ್ಪಿಯ ವಿನ್ಯಾಸಕ್ಕೆ ಬರೆದ ವ್ಯಾಖ್ಯಾನ; ನಮ್ಮ ಆಲಂಕಾರಿಕರ ಪರಿಭಾಷೆಯಲ್ಲಿ ಅತಿಶಯೋಕ್ತಿಗಿಂತ ಸ್ವಭಾವೋಕ್ತಿಗೇ ಸಮೀಪವಾದುದು. ಚಕ್ರವರ್ತಿಯ ಸೇವೆಯಲ್ಲಿದ್ದ ದಂಡನಾಯಕನಿಗೆ ಆ ಪದದ ತೂಕ ಗೊತ್ತಿರಲಿಲ್ಲವೆನ್ನುವುದು ಹೇಗೆ?

ಕೆತ್ತನೆಯೂ ಈ ಕ್ರಮಕ್ಕೆ ಅಧೀನವಾಗಿದೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ತಾಗಿದಂತೆ ಗಡುಸಾಗುತ್ತದೆ. ಇಂತಹ ಕಲ್ಲು ದೊರೆತಾಗ ಉಳಿಯನ್ನು ತಡೆಯುವುದು ಕಷ್ಟ. ಇಲ್ಲಿ ಕಂಬಗಳು, ಬಾಗಿಲವಾಡಗಳು, ಭುವನೇಶ್ವರಿಗಳು ತುಂಬಾ ಅಲಂಕೃತವಾಗಿದ್ದರೂ ಗರ್ಭಗೃಹ, ಅಂತರಾಳ, ನವರಂಗ, ತೆರೆದ ಮಂಟಪಗಳ ಅನುಕ್ರಮ ಎಲ್ಲಿಯೂ ಮರೆಯಾಗಿಲ್ಲ. ಕ್ಷೇಮೇಂದ್ರನು ಕಾವ್ಯದ ಜೀವಿತವೆಂದ ಔಚಿತ್ಯವು ಶಿಲೆಯಲ್ಲಿಯೂ ಸಾಧ್ಯವೆಂಬುದಕ್ಕೆ ಇದೇ ನಿದರ್ಶನ.

ಈಗ ಶಿಖರದ ಮೇಲೆ ಕಲಶವಿಲ್ಲ. ಹೊಸದನ್ನು ಮಾಡಿಸಿ ಏರಿಸಬಾರದೇಕೆ ಎಂದು ಭಕ್ತರು ಕೇಳುವುದು ಸಹಜ. ಇದಕ್ಕೆ ಸಮಾನವಾದ ಪ್ರಶ್ನೆ ಫ್ರಾನ್ಸ್ ದೇಶದಲ್ಲಿಯೂ ಹುಟ್ಟಿತ್ತು. ಅಲ್ಲಿಯ ವೆಜ಼ಲೇ ಎಂಬಲ್ಲಿ ರೋಮನೆಸ್ಕ್ ಶೈಲಿಯ ಮಗ್ದಲೇನಾ ಚರ್ಚು ಇಟಗಿಗೆ ಬಹುಮಟ್ಟಿಗೆ ಸಮಕಾಲೀನ. 1120ರ ಬೆಂಕಿಯ ತರುವಾಯ ಅದರ ನಡುಸಾಲೆಯನ್ನು ಕಟ್ಟಿದರು. ಶಿಥಿಲವಾಗಿದ್ದ ಅದನ್ನು ವಿಯೊಲೆ-ಲ-ದ್ಯುಕ್ ಎಂಬ ವಾಸ್ತುಜ್ಞನು 1840ರಿಂದ ಜೀರ್ಣೋದ್ಧಾರ ಮಾಡಿ ಬೀಳದಂತೆ ಉಳಿಸಿದನು. ಆದರೆ ಗೋಥಿಕ್ ಶೈಲಿಯ ಕೆಲವು ಕಮಾನುಛಾವಣಿಗಳನ್ನು ತೆಗೆದು ರೋಮನೆಸ್ಕ್ ಮಾದರಿಯಲ್ಲಿ ಕಟ್ಟಿಸಿದನು. ಮುಂಭಾಗದಲ್ಲಿ ಹೊಸ ಶಿಲ್ಪವನ್ನೂ ಇರಿಸಿದನು. ಹನ್ನೆರಡನೆಯ ಶತಮಾನದ ಕೈ ಯಾವುದು, ಹತ್ತೊಂಬತ್ತನೆಯದು ಯಾವುದು ಎಂದು ನೋಡುವವನು ಅಲ್ಲಿ ವಿಚಾರಿಸಿಯೇ ತಿಳಿಯಬೇಕಾಗಿದೆ.

ಬೀಳುವ ಗೋಡೆಗೆ ಆಸರೆ ಕೊಡುವುದು ಧರ್ಮ. ಲುಪ್ತವಾದುದನ್ನು ಊಹಿಸಿ ತುಂಬುವುದು ಬೇರೆ. ತ್ರುಟಿತ ಶಾಸನದಲ್ಲಿ ಅಕ್ಷರ ಹೋದ ಕಡೆ ನಾವು ಚುಕ್ಕಿಗಳನ್ನು ಇಡುತ್ತೇವೆ. ನಮ್ಮ ಊಹೆಯನ್ನು ಪ್ರತ್ಯೇಕವಾಗಿ ಕೆಳಗೆ ಬರೆಯುತ್ತೇವೆ. ಕಲ್ಲಿನ ಮೇಲೆ ಕೆತ್ತುವುದಿಲ್ಲ. ಗುಡಿಯ ವಿಷಯದಲ್ಲಿಯೂ ಪಾಠಸಂಪಾದನೆಯ ಈ ನಿಯಮವೇ ಪ್ರಮಾಣವಾಗಲಿ. ಶಾಸನವನ್ನು ಪಾಠ ಹೇಳುವ ಅಧ್ಯಾಪಕರು ಒಮ್ಮೆ ವಿದ್ಯಾರ್ಥಿಗಳೊಡನೆ ಇಟಗಿಗೆ ಹೋಗಿ, ಆ ಬಿರುದನ್ನು ಗುಡಿಯ ಎದುರಿನಲ್ಲಿ ಓದಿಸಲಿ. ಕಿರೀಟವಿಲ್ಲದಿದ್ದರೂ ಚಕ್ರವರ್ತಿಯ ಗುರುತು ಸಿಕ್ಕದೆ ಇರದು.