ಮೂರು ನಿಮಿಷದ ರಾಗ: ಹಳೆಯ ರಿಕಾರ್ಡುಗಳ ಹೊಸ ರಸಿಕರಿಗೆ

ರಾಮಸಮುದ್ರದ ಕಡೆ ಬೆಳೆದವರ ಕಿವಿಗೆ ಹಾಡು ಹೊಸದಲ್ಲ. ಏಕತಾರಿ, ದಮ್ಮಡಿಯ ಜೊತೆ ಕಡಕೋಳ ಮಡಿವಾಳಪ್ಪನವರ ತತ್ವಪದ ಕೇಳಿದವರಿಗೆ, ಎಲ್ಲೆಲ್ಲೋ ಸುತ್ತಾಡಿದ ಹಾಡು ಪಲ್ಲವಿಗೆ ಬಂದು ಕೂಡುವಾಗಿನ ಸುಖ ಗೊತ್ತಿರುತ್ತದೆ. ಹಿಂದುಸ್ತಾನಿ ಸಂಗೀತದ ಹಳೆಯ ಗ್ರಾಮಫೋನ್ ತಟ್ಟೆ ಕೇಳಲು ಅಷ್ಟು ಬಂಡವಾಳ ಸಾಕು. ಉಳಿದದ್ದನ್ನು ತಟ್ಟೆಯೇ ಕಲಿಸುತ್ತದೆ.

ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುವುದು ಸುಮಾರು ಮೂರು ನಿಮಿಷದ ಹಾಡು. ಬೈಠಕ್‌ನಲ್ಲಿ ಒಂದು ರಾಗವನ್ನು ತಾಸುಗಟ್ಟಲೆ ಹಾಡುವವರು ಇಲ್ಲಿ ಮೂರೇ ನಿಮಿಷದಲ್ಲಿ ಅದರ ಮುಖ ತೋರಿಸಬೇಕು. ಹಾಗಾಗಿ ಒಂದು ಸ್ವರವೂ ದಂಡವಾಗುವಂತಿಲ್ಲ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಕೇಳುವ ಕ್ರಮ ಹೀಗಿರಲಿ. ಒಂದೇ ಮಗ್ಗುಲನ್ನು ನಾಲ್ಕು ಸಲ ಹಾಕಿ. ಮೊದಲ ಸಲ ಸುಮ್ಮನೆ ಕೇಳಿ. ಎರಡನೆಯ ಸಲ ತಬಲಾದ ಜಾಡು ಹಿಡಿದು ಹೋಗಿ, ಹಾಡಿನ ಮುಖಡಾ (ಮೊದಲ ಸಾಲಿನ ತುಣುಕು) ಸಮಕ್ಕೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬಂದು ಬೀಳುವ ಜಾಗ ಗುರುತಿಸಿ. ಮೂರನೆಯ ಸಲ ಮೊದಲ ಅರ್ಧ ನಿಮಿಷವನ್ನಷ್ಟೇ ಗಮನಿಸಿ: ಯಾವ ಸ್ವರದ ಮೇಲೆ ಹಾಡುಗಾರರು ನಿಲ್ಲುತ್ತಾರೆ, ಯಾವುದನ್ನು ಮುಟ್ಟಿ ಬಿಡುತ್ತಾರೆ? ನಾಲ್ಕನೆಯ ಸಲ ತಾನುಗಳು (ವೇಗದ ಸ್ವರಮಾಲೆಗಳು) ಎಲ್ಲಿ ಹೊರಡುತ್ತವೆ, ಹೇಗೆ ಮನೆಗೆ ಮರಳುತ್ತವೆ ನೋಡಿ.

ಯಾರಿಂದ ಶುರುಮಾಡಬೇಕು? ಅಬ್ದುಲ್ ಕರೀಂ ಖಾನರ (1872–1937) ಝಿಂಝೋಟಿ ಠುಮರಿಯಿಂದ. ಗದಗ ಸೀಮೆಯ ಬಾಲಕ ಭೀಮಸೇನ ಜೋಶಿ ಈ ತಟ್ಟೆ ಕೇಳಿಯೇ ಗುರುವನ್ನು ಹುಡುಕುತ್ತಾ ಮನೆ ಬಿಟ್ಟರೆಂಬುದು ಪ್ರಸಿದ್ಧ. ಕೊನೆಗೆ ಅವರು ಸೇರಿದ್ದು ಖಾನ್ ಸಾಹೇಬರದೇ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರನ್ನು. ಮೈಸೂರು ಅರಮನೆಗೆ ಹೋಗಿಬರುತ್ತಿದ್ದ ಖಾನ್ ಸಾಹೇಬರು ತ್ಯಾಗರಾಜರ ಖರಹರಪ್ರಿಯ ಕೃತಿಯನ್ನೂ ತಟ್ಟೆಗೆ ಹಾಡಿದ್ದಾರೆ. ಅದನ್ನೂ ಬಿಡಬೇಡಿ.

ಆಮೇಲೆ ಗಂಗೂಬಾಯಿ ಹಾನಗಲ್. 1930ರ ದಶಕದ ತಟ್ಟೆಗಳಲ್ಲಿ ಅವರ ಹೆಸರು ‘ಗಾಂಧಾರಿ’, ದನಿ ಎಳೆಯದು, ತೆಳ್ಳಗಿನದು. ಮುಂದೆ ಗಂಟಲಿನ ಚಿಕಿತ್ಸೆಯ ನಂತರ ಆ ದನಿ ಗಂಭೀರವಾಗಿ ತಗ್ಗಿತು. ಹಳೆಯ ತಟ್ಟೆ, ನಂತರದ ಎಲ್‌ಪಿ ಎರಡನ್ನೂ ಒಂದೇ ಸಂಜೆ ಕೇಳಿ; ದನಿ ಬದಲಾದರೂ ಸ್ವರದ ನಿಷ್ಠೆ ಬದಲಾಗದ್ದು ತಿಳಿಯುತ್ತದೆ. ಮಲ್ಲಿಕಾರ್ಜುನ ಮನ್ಸೂರರ ಮೊದಲ ತಟ್ಟೆಗಳ ಗೌಡ ಮಲ್ಹಾರ, ಅಡಾಣಾಗಳಲ್ಲಿ ಮಿರಜದ ನೀಲಕಂಠಬುವಾ ಅವರಿಂದ ಕಲಿತ ಗ್ವಾಲಿಯರ್ ಬನಿ ಇದೆ. ಮಂಜಿಖಾನ್, ಬುರ್ಜಿಖಾನರಿಂದ ಬಂದ ಜೈಪುರ ಗಾಯಕಿ ನಂತರದ ಎಲ್‌ಪಿಗಳಲ್ಲಿ ಸಿಗುತ್ತದೆ. ಒಬ್ಬ ಕಲಾವಿದರ ಪಯಣವನ್ನು ಹೀಗೆ ಕಿವಿಯಲ್ಲೇ ಓದಬಹುದು.

ತಟ್ಟೆಯ ಋಣ ಲೋಕದ ಎಲ್ಲ ಸಂಗೀತಕ್ಕೂ ಇದೆ. ಅಮೆರಿಕದ ಜಾಝ್ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ 1942ರಲ್ಲಿ ತೀರಿಕೊಂಡಾಗ ವಯಸ್ಸು 25. 1939ರಿಂದ 1941ರ ನಡುವೆ ಜಾಝ್ ತಂಡದ ನಾಯಕ ಬೆನ್ನಿ ಗುಡ್‌ಮನ್ ಜೊತೆ ಮುದ್ರಿಸಿದ ಕೆಲವು ತಟ್ಟೆಗಳಿಂದಲೇ ಮುಂದಿನ ಪೀಳಿಗೆಯವರು ವಿದ್ಯುತ್ ಗಿಟಾರಿನ ಪಾಠ ಕಲಿತರು. ನಮ್ಮಲ್ಲಿ 1902ರಲ್ಲಿ ಧ್ವನಿ ಮುದ್ರಿಸಿದ ಗಾಯಕಿ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರು ಹೇಳುತ್ತಿದ್ದರು. ತಟ್ಟೆ ತಯಾರಾಗುತ್ತಿದ್ದ ಜರ್ಮನಿಯ ಹ್ಯಾನೋವರ್‌ನಲ್ಲಿ ಹಾಡಿದವರು ಯಾರೆಂದು ತಿಳಿಯಲಿ ಎಂದು. ಅವರು ಕೊನೆಯುಸಿರೆಳೆದದ್ದು ಮೈಸೂರಿನಲ್ಲಿ, 1930ರಲ್ಲಿ.

ಇನ್ನು ಕೊಳ್ಳುವ ಮಾತು. ಹೈದರಾಬಾದಿನ ಜುಮ್ಮೇರಾತ್ ಬಜಾರು, ಬೆಂಗಳೂರಿನ ಸಂಡೇ ಬಜಾರು, ಊರೂರಿನ ಗುಜರಿ ಅಂಗಡಿಗಳಲ್ಲಿ ಕಣ್ಣಿಡಿ. ತಟ್ಟೆಯನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ಓರೆಯಾಗಿಸಿ. ಹಾಡು ಕೊರೆದ ಗೀರುಗಳು ಕಪ್ಪಗೆ ಹೊಳೆದರೆ ಒಳ್ಳೆಯದು. ಬೂದಿ ಬಣ್ಣಕ್ಕೆ ತಿರುಗಿದ್ದರೆ ಉಕ್ಕಿನ ಮುಳ್ಳು ಹಾಡನ್ನು ಸವೆಸಿದೆ ಎಂದರ್ಥ. ಅಂಚಿನಿಂದ ಒಳಗೆ ಹರಿದ ಸಣ್ಣ ಸೀಳೂ ಬೆಳೆಯುತ್ತದೆ.

ಈ ತಟ್ಟೆಯ ಜೀವ ಅರಗು. ಅರಗಿಗೆ ಸ್ಪಿರಿಟ್ ಶತ್ರು, ಒರೆಸಲು ಎಂದೂ ಬಳಸಬೇಡಿ. ಬಿದ್ದರೆ ಗಾಜಿನಂತೆ ಒಡೆಯುತ್ತದೆ, ಬಿಸಿಲಿಗೆ ಸೊಟ್ಟಗಾಗುತ್ತದೆ. ಯಾದಗಿರಿಯ ಬೇಸಿಗೆಯಲ್ಲಿ ತಗಡಿನ ಛಾವಣಿಯ ಕೆಳಗೆ ಇಡಲೇಬಾರದು. ಒಂದರ ಮೇಲೊಂದು ಪೇರಿಸದೆ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ಕೀಲಿ ಕೊಡುವ ಯಂತ್ರವಾದರೆ ಪ್ರತಿ ಮಗ್ಗುಲಿಗೂ ಹೊಸ ಮುಳ್ಳು. ವಿದ್ಯುತ್ ಪ್ಲೇಯರಾದರೆ 78ಕ್ಕೆ ಬೇರೆಯೇ ಅಗಲದ ಮುಳ್ಳು ಬೇಕು, ಎಲ್‌ಪಿಯದು ಸಲ್ಲದು. ಪ್ರತಿ ತಟ್ಟೆಗೂ ಒಂದು ಚೀಟಿ ಇಡಿ: ಹಾಡುಗಾರರು, ರಾಗ, ಕಂಪನಿ, ಲೇಬಲ್ಲಿನ ಸಂಖ್ಯೆ, ಎಲ್ಲಿ ಸಿಕ್ಕಿತು.

ಕೇಳದೆ ಕೂಡಿಟ್ಟ ನೂರು ತಟ್ಟೆಗಿಂತ ಬಾಯಿಪಾಠವಾದ ಹತ್ತು ತಟ್ಟೆ ಮೇಲು. ಶಹಾಪುರ, ಸುರಪುರ, ಯಾದಗಿರಿಯ ಹಳೆಯ ಮನೆಗಳ ಅಟ್ಟದಲ್ಲಿ ಇಂಥ ತಟ್ಟೆ ಕಂಡರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಮನೆಯ ಹಿರಿಯರನ್ನು ಕೂರಿಸಿಕೊಂಡು ಒಮ್ಮೆ ಹಾಕಿ ಕೇಳಿ, ಅವರು ಹೇಳುವ ನೆನಪನ್ನು ಅದೇ ಚೀಟಿಯ ಹಿಂದೆ ಬರೆದಿಡಿ.