ಆ ನಾಲ್ಕು ಜನ

ಮೊನ್ನೆ ಭಾನುವಾರ ಕುಮಾರಸ್ವಾಮಿ ಲೇಔಟಿನ ನಮ್ಮ ಬಾಡಿಗೆ ಮನೆಯಲ್ಲಿ ಕೂತು ‘ಶರಪಂಜರ’ ಮತ್ತೆ ನೋಡಿದೆ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ 1971ರ ಸಿನಿಮಾ. ಊರಲ್ಲಿ ಚಿಕ್ಕವನಿದ್ದಾಗ ಟಿವಿಯಲ್ಲಿ ನೋಡಿದ್ದೆ. ಆಗ ಕಲ್ಪನಾ ಅವರ ಅಭಿನಯ ಬಿಟ್ಟು ಬೇರೇನೂ ಕಂಡಿರಲಿಲ್ಲ. ಈ ಸಲ ಇನ್ನೊಂದು ಕಂಡಿತು. ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗ್ತಾಳೆ, ಮನೆಗೆ ಬಂದ ಮೇಲೆ ಮತ್ತೆ ಕುಸೀತಾಳೆ. ಸೋತದ್ದು ಚಿಕಿತ್ಸೆಯಲ್ಲ. ಗಂಡನೂ ಸುತ್ತಲಿನ ನಾಲ್ಕು ಜನರೂ ಅವಳನ್ನು ಗುಣವಾದವಳು ಅಂತ ಒಪ್ಪಲೇ ಇಲ್ಲ.

ಗುಣಪಡಿಸೋದು ಡಾಕ್ಟರ್, ಕೆಡಿಸೋದು ಜನ. ಈ ಪಾಠ ನಮಗೆ ಎಷ್ಟು ಚೆನ್ನಾಗಿ ಬಾಯಿಪಾಠ ಆಗಿದೆ ಅಂದ್ರೆ, ಆಫೀಸಿನಲ್ಲಿ ಊಟದ ಟೇಬಲ್ಲಿಗೆ ಕೂತು ‘ನನ್ನ ಥೆರಪಿಸ್ಟ್’ ಅಂತ ಆರಾಮಾಗಿ ಹೇಳೋರೇ, ಗ್ರೂಪ್ ಥೆರಪಿ ಅಂದ ತಕ್ಷಣ ಮುಖ ಕಿವುಚ್ತಾರೆ. ಒಬ್ಬರೇ ಹೋದರೆ ಸ್ಪೆಷಲ್ ವಾರ್ಡ್, ಗುಂಪಲ್ಲಿ ಕೂತರೆ ಜನರಲ್ ವಾರ್ಡ್ ಅನ್ನೋ ಲೆಕ್ಕ.

ಇದಕ್ಕೆ ಉತ್ತರವಾಗಿ ಕೆಲವರು, “ನಮ್ಮ ಹಳ್ಳಿಯ ಅರಳಿಕಟ್ಟೆಯೇ ಗ್ರೂಪ್ ಥೆರಪಿ ಆಗಿತ್ತು ಕಣ್ರೀ” ಅಂತಾರೆ. ಇದನ್ನೂ ನಾನು ಒಪ್ಪಲ್ಲ. ನಾನು ಆ ಕಟ್ಟೆಯ ಮೇಲೇ ಬೆಳೆದವನು. ಅಲ್ಲಿ ಊರವರೆಲ್ಲರ ವಿಷಯ ಬರ್ತಿತ್ತು, ಕೂತವರ ವಿಷಯ ಒಂದನ್ನು ಬಿಟ್ಟು. ಎದ್ದು ಹೋದವನ ಸುದ್ದಿ ಅವನು ತಿರುವು ದಾಟೋ ಮೊದಲೇ ಶುರುವಾಗ್ತಿತ್ತು. ಗುಂಪಿನ ಭಯ ನಮಗೆ ಸಿನಿಮಾದಿಂದಷ್ಟೇ ಬಂದಿದ್ದಲ್ಲ.

ಗ್ರೂಪ್ ಥೆರಪಿ ಕಟ್ಟೆಯಲ್ಲ. ಸಾಮಾನ್ಯವಾಗಿ ಆರರಿಂದ ಹತ್ತು ಜನ, ನಡೆಸೋಕೆ ತರಬೇತಿ ಪಡೆದ ಥೆರಪಿಸ್ಟ್, ಒಳಗಿನ ಮಾತು ಹೊರಗೆ ಹೋಗಬಾರದು ಅನ್ನೋ ಕರಾರು. ಖಿನ್ನತೆ, ಆತಂಕದಂಥ ತೊಂದರೆಗಳಲ್ಲಿ ಇದರ ಫಲ ಒಬ್ಬೊಬ್ಬರಿಗೇ ಕೊಡೋ ಥೆರಪಿಗಿಂತ ಹೆಚ್ಚೇನೂ ಕಡಿಮೆ ಇಲ್ಲ ಅಂತ ಹಲವು ಅಧ್ಯಯನಗಳು ಹೇಳಿವೆ. ಅಮೆರಿಕದ ಮನೋವೈದ್ಯ ಇರ್ವಿನ್ ಯಾಲಮ್ 1970ರಲ್ಲಿ ಈ ವಿಷಯದ ಮೇಲೊಂದು ಪುಸ್ತಕ ಬರೆದರು. ಗುಂಪಿನಿಂದ ಸಿಗೋ ಲಾಭಗಳಲ್ಲಿ ಅವರು ಎಣಿಸಿದ ಒಂದು ತುಂಬಾ ಸರಳ: ಇದು ನನಗೊಬ್ಬನಿಗೇ ಅಲ್ಲ ಅಂತ ಗೊತ್ತಾಗೋದು.

ನನಗೆ ಸಲಹೆ ಬಂದಾಗ ಎರಡು ತಿಂಗಳು ನೆಪ ಹೇಳಿದೆ. ಆಮೇಲೆ ಹೋದೆ. ಬೇರೆಯವರು ಹೇಳಿದ್ದನ್ನು ಇಲ್ಲಿ ಬರೆಯೋ ಹಾಗಿಲ್ಲ, ನಾನು ಹೇಳಿದ್ದನ್ನು ಬರೀಬಹುದು. ಕೆಲಸ ಮುಗಿಸಿ ಬಂದು ಪಾರ್ಕಿಂಗಿನಲ್ಲಿ, ಹೆಲ್ಮೆಟ್ ಕೂಡ ತೆಗೀದೆ, ಬೈಕ್ ಮೇಲೆ ಇಪ್ಪತ್ತು ನಿಮಿಷ ಕೂತಿರ್ತೀನಿ. ಮೇಲೆ ಹೋಗೋಕೆ ಕಾಲೇ ಏಳಲ್ಲ. ಮನೆಯಲ್ಲಿ ಜಗಳ ಏನೂ ಇಲ್ಲ. ಇದನ್ನು ನನ್ನ ಡಾಕ್ಟರಿಗೂ ಹೇಳಿದ್ದೆ, ಅವರು ಅಕ್ಕರೆಯಿಂದ ತಲೆಯಾಡಿಸಿದ್ದರು. ಆದರೆ ತಲೆಯಾಡಿಸೋದು ಅವರ ಕೆಲಸ. ಅವತ್ತು ತಲೆಯಾಡಿಸಿದ ಮೂವರಿಗೆ ಅದು ಕೆಲಸವಾಗಿರಲಿಲ್ಲ.

ಹಾಗಂತ ಗುಂಪು ಎಲ್ಲರಿಗೂ ಎಲ್ಲ ಕಾಲಕ್ಕೂ ಸರಿ ಅಂತಲ್ಲ. ಬದುಕೋದೇ ಬೇಡ ಅನ್ನಿಸುವಾಗ ಗುಂಪು ಹುಡುಕೋದಲ್ಲ, ತಕ್ಷಣ ಒಬ್ಬರ ಹತ್ರ ಮಾತಾಡಬೇಕು. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. ನನ್ನ ತಕರಾರು ಇಷ್ಟೇ: ‘ನಾಲ್ಕು ಜನ ಏನಂತಾರೆ’ ಅನ್ನೋ ಭಯಕ್ಕೆ ಒಬ್ಬರನ್ನೇ ಆರಿಸಿಕೊಂಡು, ಅದನ್ನು ಪ್ರೈವೆಸಿ ಅಂತ ಕರೀಬೇಡಿ. ಕಾವೇರಿಗೆ ಡಾಕ್ಟರ್ ಸಿಕ್ಕಿದ್ದರು. ಸಿಗದೇ ಹೋದದ್ದು ಅವಳ ಹಾಗೇ ಬಿದ್ದು ಎದ್ದ ನಾಲ್ಕು ಜನ.

ಪಾರ್ಕಿಂಗಿನಲ್ಲಿ ಕೂರೋದು ಇನ್ನೂ ಪೂರ್ತಿ ಬಿಟ್ಟಿಲ್ಲ. ಈಗ ಐದು ನಿಮಿಷಕ್ಕೆ ಇಳಿದಿದೆ. ಹೆಲ್ಮೆಟ್ ತೆಗೀತೀನಿ.