ಮಾರ್ದನಿಯೂ ಅನುರಣನವೂ: ಆಟದ ಮಟ್ಟುಗಳ ಮರುಸಂಯೋಜನೆ

ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಎತ್ತಿಕೊಂಡು ತಮ್ಮ ರೀತಿಯಲ್ಲಿ ಮತ್ತೆ ಕಟ್ಟುವುದು ಕನ್ನಡಿಗರಿಗೆ ಹೊಸ ಸಂಗತಿಯಲ್ಲ. ಪಂಪನು ವ್ಯಾಸಭಾರತವನ್ನು ಎತ್ತಿಕೊಂಡನು. ಪಂಪಭಾರತದ ಹದಿಮೂರನೆಯ ಆಶ್ವಾಸದ ಗದಾಯುದ್ಧ ಪ್ರಸಂಗವನ್ನು ರನ್ನನು ಎತ್ತಿಕೊಂಡು ಅದನ್ನೇ ಒಂದು ಕಾವ್ಯವಾಗಿ ಬೆಳೆಸಿದನು. ಕೊನೆಯ ದಿನದ ಕಾಳಗದಲ್ಲಿ ನಿಂತು, ಸಿಂಹಾವಲೋಕನ ಕ್ರಮದಿಂದ, ಇಡೀ ಭಾರತವನ್ನು ಹಿಂತಿರುಗಿ ನೋಡಿದನು. ಹರಿದಾಸರ ಪದಗಳ ಮಾತೂ ಹೀಗೆಯೇ. ಅವರು ಹಾಡಿದ ಮಟ್ಟುಗಳು ಬಹುಮಟ್ಟಿಗೆ ನಮಗೆ ಉಳಿದು ಬಂದಿಲ್ಲ. ಪುರಂದರದಾಸರ ಪದಗಳನ್ನು ಭೀಮಸೇನ ಜೋಶಿಯವರು ಹಿಂದುಸ್ತಾನಿ ಪದ್ಧತಿಯಲ್ಲಿ ಹಾಡಿದರು. ಮೈಸೂರು ಕಡೆಯ ವಿದ್ವಾಂಸರು ಕರ್ನಾಟಕ ಪದ್ಧತಿಯಲ್ಲಿ ಹಾಡುತ್ತಾರೆ. ನಾವು ಎರಡಕ್ಕೂ ತಲೆದೂಗುತ್ತೇವೆ. ಆದುದರಿಂದ ಮರುಸಂಯೋಜನೆ ತಕ್ಕುದೆ, ಅಲ್ಲವೆ ಎಂಬುದು ನಮ್ಮ ಮುಂದಿರುವ ಪ್ರಶ್ನೆಯಲ್ಲ. ಯಾವ ಮರುಸಂಯೋಜನೆ ಮೂಲವನ್ನು ಬೆಳೆಸುತ್ತದೆ, ಯಾವುದು ಅದನ್ನು ಮರೆಮಾಡುತ್ತದೆ ಎಂಬುದೇ ಪ್ರಶ್ನೆ. ಇದನ್ನು ನಮ್ಮ ಪತ್ರಿಕೆಯ ವಾಚಕರಿಗೆ ಅಷ್ಟಾಗಿ ಪರಿಚಯವಿಲ್ಲದ ಒಂದು ಕ್ಷೇತ್ರದಲ್ಲಿ ಪರೀಕ್ಷಿಸಿ ನೋಡುವುದು ಈ ಲೇಖನದ ಉದ್ದೇಶ.

ಆ ಕ್ಷೇತ್ರವೆಂದರೆ ವಿಡಿಯೋ ಆಟಗಳ ಸಂಗೀತ. 1990ರ ದಶಕದಲ್ಲಿ ಟೀವಿಗೆ ಜೋಡಿಸಿ ಆಡುವ ಪೆಟ್ಟಿಗೆಗಳು ನಮ್ಮ ದೇಶದ ಸಣ್ಣ ಊರುಗಳಿಗೂ ಬಂದವು. ಅವುಗಳಲ್ಲಿ ಬಹುಪಾಲು ಜಪಾನಿನ ನಿಂಟೆಂಡೊ ಸಂಸ್ಥೆಯ ಪೆಟ್ಟಿಗೆಯ ಅಗ್ಗದ ನಕಲುಗಳು. ಆಟವನ್ನು ಅಡಗಿಸಿಕೊಂಡ ಪ್ಲಾಸ್ಟಿಕ್ ಬಿಲ್ಲೆಯನ್ನು ಹುಡುಗರು 'ಕ್ಯಾಸೆಟ್' ಎಂದೇ ಕರೆದರು. 'ಮಾರಿಯೋ', 'ಕಾಂಟ್ರಾ' ಎಂಬ ಹೆಸರುಗಳು ಅಂದಿನ ಮಕ್ಕಳ ಬಾಯಲ್ಲಿ ನೀರು ಕುಡಿದಷ್ಟು ಸಲೀಸಾಗಿದ್ದವು. ಆ ಮಕ್ಕಳು ಈಗ ಮೂವತ್ತು, ನಲವತ್ತರ ಪ್ರಾಯದವರು. ಅಂಥವರಲ್ಲಿ ಸಂಗೀತ ಬಲ್ಲ ಕೆಲವರು, ಲೋಕದ ನಾನಾ ದೇಶಗಳಲ್ಲಿ, ತಾವು ಬಾಲ್ಯದಲ್ಲಿ ಕೇಳಿದ ಆಟದ ಮಟ್ಟುಗಳನ್ನು ತೆಗೆದುಕೊಂಡು, ನಡೆಯನ್ನು ನಿಧಾನ ಮಾಡಿ, ಪಿಯಾನೋ ತಂತಿವಾದ್ಯಗಳಿಂದ ನುಡಿಸಿ, ಹಿಂದೆ ಮಳೆಯ ಸದ್ದನ್ನೋ ಗಾಳಿಯ ಸದ್ದನ್ನೋ ಇಟ್ಟು, ದೊಡ್ಡ ಗವಿಯೊಳಗಿಂದ ಕೇಳಿಬಂದಂತೆ ರಚಿಸುತ್ತಿದ್ದಾರೆ. ಇವುಗಳನ್ನು ವಾತಾವರಣಪ್ರಧಾನ ಮರುಸಂಯೋಜನೆಗಳು ಎಂದು ಕರೆಯಬಹುದು.

ಈ ಅಭಿಮಾನಿಗಳ ಕೆಲಸವು ಬರಿಯ ಹವ್ಯಾಸದ ಮಟ್ಟದಲ್ಲಿ ನಿಂತಿಲ್ಲ. ಅಮೆರಿಕದ ಡೇವಿಡ್ ಲಾಯ್ಡ್ ಅವರು 1999ರಲ್ಲಿ ಆರಂಭಿಸಿದ 'ಓವರ್‌ಕ್ಲಾಕ್ಡ್ ರೀಮಿಕ್ಸ್' ಎಂಬ ಬಳಗವು ತೀರ್ಪುಗಾರರ ಒಂದು ಮಂಡಲಿಯನ್ನಿಟ್ಟು, ಬಂದ ರಚನೆಗಳನ್ನು ಪರೀಕ್ಷಿಸಿ, ಆಯ್ದವುಗಳನ್ನು ಕೇಳುಗರಿಗೆ ಉಚಿತವಾಗಿ ಹಂಚುತ್ತದೆ. ಮೂಲದ ಮಟ್ಟು ಗುರುತು ಸಿಗಬೇಕು, ಆದರೆ ರಚನೆಯಲ್ಲಿ ಹೊಸ ವಿವೇಚನೆಯೂ ಕಾಣಬೇಕು ಎಂಬುದು ಅವರ ನಿಯಮ. 2008ರಲ್ಲಿ ಕ್ಯಾಪ್‌ಕಾಮ್ ಎಂಬ ಸಂಸ್ಥೆಯು 'ಸ್ಟ್ರೀಟ್ ಫೈಟರ್' ಆಟವೊಂದನ್ನು ನವೀಕರಿಸಿದಾಗ ಅದರ ಸಂಗೀತವನ್ನು ಈ ಬಳಗದವರ ಕೈಗೇ ಒಪ್ಪಿಸಿತು.

"ಆಟದ ಪೆಟ್ಟಿಗೆಯ ಕಿರಿಕಿರಿಯೂ ಒಂದು ಸಂಗೀತವೆ? ಅದಕ್ಕೂ ಒಂದು ವಿಮರ್ಶೆಯೆ?" ಎಂದು ಕೆಲವರು ಕೇಳಬಹುದು. ಕೇಳುವವರು ಆ ಸಂಗೀತ ಹುಟ್ಟಿದ ಬಗೆಯನ್ನು ತಿಳಿದರೆ ಪ್ರಶ್ನೆ ಸಡಿಲವಾಗುತ್ತದೆ. 1983ರಲ್ಲಿ ಹೊರಬಂದ ನಿಂಟೆಂಡೊ ಪೆಟ್ಟಿಗೆಗೆ ಇದ್ದುದು ಐದೇ ದನಿಗಳು. ಎರಡು ದನಿಗಳು ಮಟ್ಟಿಗೆ, ಒಂದು ಮಂದ್ರಕ್ಕೆ, ಒಂದು ತಾಳದ ಸದ್ದಿಗೆ, ಇನ್ನೊಂದು ಮುದ್ರಿಸಿಟ್ಟ ನಾದದ ಸಣ್ಣ ತುಣುಕಿಗೆ. ಇಷ್ಟರಲ್ಲಿಯೇ ಕೊಂಡೊ ಕೋಜಿ ಅವರು 1985ರ 'ಸೂಪರ್ ಮಾರಿಯೋ ಬ್ರದರ್ಸ್' ಆಟಕ್ಕೆ ಸಂಗೀತ ಕಟ್ಟಿದರು. ಅದರ ಮುಖ್ಯ ಮಟ್ಟನ್ನು 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ರಾಷ್ಟ್ರದ ಸ್ಮರಣೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಆಟದ ಸಂಗೀತಕ್ಕೆ ಆ ಪಟ್ಟಿಯಲ್ಲಿ ಸ್ಥಾನ ದೊರೆತದ್ದು ಅದೇ ಮೊದಲು.

ಈ ಬಡತನದ ಸಂಗೀತದಲ್ಲಿ ಒಂದು ವಿಶೇಷವನ್ನು ನಾವು ಗಮನಿಸಬೇಕು. ಪೆಟ್ಟಿಗೆಯ ದನಿಗಳಿಗೆ ಮಾರ್ದನಿ ಇರಲಿಲ್ಲ. ಮಾರ್ದನಿ ಬೇಕಾದಾಗ ರಚನಕಾರರು ಒಂದು ದನಿಯು ನುಡಿದ ಸ್ವರವನ್ನೇ ಎರಡನೆಯ ದನಿಯಿಂದ ಕ್ಷಣಕಾಲ ತಡೆದು, ಮೆಲ್ಲಗೆ, ಮತ್ತೆ ನುಡಿಸುತ್ತಿದ್ದರು. ಅಂದರೆ ಅಲ್ಲಿ ಮಾರ್ದನಿಯೂ ಸ್ವರ ಸ್ವರವಾಗಿ ಬರೆದದ್ದು. ಅದಕ್ಕಾಗಿ ಇದ್ದ ಐದು ದನಿಗಳಲ್ಲಿ ಒಂದನ್ನು ತ್ಯಾಗಮಾಡಬೇಕಾಗಿತ್ತು. ಇಂದಿನ ಮರುಸಂಯೋಜಕನಿಗೆ ಮಾರ್ದನಿ ಒಂದು ಗುಂಡಿಯನ್ನು ತಿರುಗಿಸಿದರೆ ಸಿಗುತ್ತದೆ. ಸುಲಭವಾಗಿ ಸಿಕ್ಕಿದ್ದು ಹಿತಮಿತವಾಗಿ ಬಳಕೆಯಾಗುವುದು ಅಪರೂಪ.

ಉದಾಹರಣೆಗೆ ಮಾರಿಯೋ ಆಟದಲ್ಲಿ ನೀರಿನೊಳಗಿನ ಘಟ್ಟಗಳಿಗೆ ಬರುವ ಮಟ್ಟನ್ನು ನೋಡೋಣ. ಇದು ಮೂರು ಮಾತ್ರೆಯ ನಡೆ. ಪಾಶ್ಚಾತ್ಯರು ವಾಲ್ಟ್ಜ್ ಎನ್ನುವ ನೃತ್ಯದ ನಡೆ. ನೆಲದ ಮೇಲೆ ಓಡುತ್ತಿದ್ದವನು ನೀರಿಗಿಳಿದು ತೇಲಿದೊಡನೆ ನಡೆಯೇ ಬದಲಾಗುತ್ತದೆ. ನೀರಿನ ಭಾವ ಹುಟ್ಟುವುದು ವಾದ್ಯದಿಂದಲ್ಲ, ತಾಳದಿಂದ. ವಾತಾವರಣಪ್ರಿಯರಾದ ಹಲವರು ಈ ಮಟ್ಟನ್ನು ಎಷ್ಟು ನಿಧಾನ ಮಾಡುತ್ತಾರೆಂದರೆ ಮೂರು ಮಾತ್ರೆಗಳ ತೂಗು ಕೇಳಿಸುವುದೇ ಇಲ್ಲ. ಬಳಿಕ ಅಲೆಯ ಸದ್ದನ್ನು ಸೇರಿಸಿ ನೀರನ್ನು ನೆನಪು ಮಾಡಿಕೊಡುತ್ತಾರೆ. ಮಟ್ಟಿನೊಳಗಿದ್ದ ನೀರನ್ನು ಬತ್ತಿಸಿ ಹೊರಗಿನಿಂದ ಕೊಡದಲ್ಲಿ ನೀರು ತಂದಂತಾಯಿತು. ಇದೇ ಉಪಾಯವನ್ನು ಯುದ್ಧದ ಮಟ್ಟಿಗೂ, ಊರಿನ ಮಟ್ಟಿಗೂ ಮಾಡಿದಾಗ ಎಲ್ಲವೂ ಒಂದೇ ಮಂಜಿನಲ್ಲಿ ಮುಳುಗಿ ಒಂದೇ ಬಗೆಯಾಗಿ ಕೇಳಿಸುತ್ತವೆ. ಕೇಳುಗನ ಕಣ್ಣಲ್ಲಿ ನೀರು ಬರಬಹುದು; ಆದರೆ ಅದು ಆ ಮಟ್ಟಿಗಾಗಿ ಬಂದುದಲ್ಲ, ತನ್ನ ಕಳೆದ ಬಾಲ್ಯಕ್ಕಾಗಿ ಬಂದುದು.

ನಮ್ಮ ಆಲಂಕಾರಿಕರು ಧ್ವನಿಯನ್ನು ವಿವರಿಸುವಾಗ ಗಂಟೆಯ ಅನುರಣನವನ್ನು ಹೋಲಿಕೆ ಕೊಟ್ಟರು. ಅನುರಣನವು ಬಡಿದ ಗಂಟೆಯಿಂದಲೇ ಹೊಮ್ಮುತ್ತದೆ. ಕಂಚಿನ ಗಂಟೆಗೆ ಕಂಚಿನದು, ಹಿತ್ತಾಳೆಗೆ ಹಿತ್ತಾಳೆಯದು. ಮಾರ್ದನಿಯಾದರೋ ಗೋಡೆಯ ಗುಣ. ಗಂಟೆ ಬಡಿದರೂ ಡಬ್ಬ ಬಡಿದರೂ ಗೋಡೆ ಒಂದೇ ರೀತಿ ಹಿಂತಿರುಗಿಸುತ್ತದೆ. ಒಳ್ಳೆಯ ಮರುಸಂಯೋಜನೆಯು ಅನುರಣನ, ಸಾಮಾನ್ಯವಾದುದು ಮಾರ್ದನಿ ಎಂದು ನಮ್ಮ ಅಭಿಪ್ರಾಯ.

ಒಳ್ಳೆಯದಕ್ಕೂ ನಿದರ್ಶನಗಳಿವೆ. 1986ರ 'ಮೆಟ್ರಾಯ್ಡ್' ಆಟಕ್ಕೆ ಸಂಗೀತ ರಚಿಸಿದ ತನಾಕಾ ಹಿರೋಕಾಜು ಅವರು ಹಾಡಿಕೊಳ್ಳಬಹುದಾದ ಮಟ್ಟನ್ನು ಬೇಕೆಂದೇ ತಡೆಹಿಡಿದು, ಆಟಗಾರನು ಗೆದ್ದ ಮೇಲೆ ಕೊನೆಯಲ್ಲಿ ಮಾತ್ರ ಅದನ್ನು ಪೂರ್ಣವಾಗಿ ಕೊಡಬೇಕೆಂದು ಬಗೆದವರು. ಅದರ ಮುಂದಿನ ಆಟಗಳಲ್ಲೊಂದಾದ 1994ರ 'ಸೂಪರ್ ಮೆಟ್ರಾಯ್ಡ್' ಸಂಗೀತವನ್ನು ಅಭಿಮಾನಿಗಳು 2003ರಲ್ಲಿ 'ರೆಲಿಕ್ಸ್ ಆಫ್ ದ ಚೋಜೊ' ಎಂಬ ಸಂಕಲನವಾಗಿ ಮತ್ತೆ ಕಟ್ಟಿದರು. ಇಂಥ ಮೂಲವನ್ನು ಮುಟ್ಟುವವನ ಹೊಣೆ ದೊಡ್ಡದು. ಇಲ್ಲಿ ವಾತಾವರಣ ಮೊದಲೇ ಇದೆ; ಮತ್ತಷ್ಟು ಮಂಜು ಸುರಿದರೆ ಏನೂ ಸೇರಿದಂತಾಗದು. ಮೌನ ಎಲ್ಲಿತ್ತು, ಏಕಿತ್ತು ಎಂದು ಅರಿತು ಆ ಮೌನಕ್ಕೆ ಜಾಗ ಬಿಟ್ಟವನೇ ಗೆಲ್ಲುತ್ತಾನೆ. ಇನಿದಾದ ರಾಗವೊಂದನ್ನು ಮೊದಲಿನಿಂದ ಕೊನೆಯವರೆಗೆ ಎಳೆದವನು ತನಾಕಾ ಅವರು ಬಚ್ಚಿಟ್ಟದ್ದನ್ನು ಬೀದಿಗೆ ಹಾಕಿದಂತೆ.

1994ರ 'ಡಾಂಕಿ ಕಾಂಗ್ ಕಂಟ್ರಿ' ಆಟಕ್ಕಾಗಿ ಇಂಗ್ಲೆಂಡಿನ ಡೇವಿಡ್ ವೈಸ್ ಅವರು ರಚಿಸಿದ 'ಅಕ್ವಾಟಿಕ್ ಆಂಬಿಯನ್ಸ್' ಇನ್ನೊಂದು ನಿದರ್ಶನ. ಇದೂ ನೀರಿನ ಸಂಗೀತವೇ. ಆಗಿನ ಪೆಟ್ಟಿಗೆಗೆ ಎಂಟು ದನಿಗಳು, ನಾದವನ್ನು ಇಟ್ಟುಕೊಳ್ಳಲು 64 ಕಿಲೋಬೈಟು ಸ್ಥಳ. ಇಂದು ಫೋನಿನಲ್ಲಿ ತೆಗೆದ ಒಂದು ಭಾವಚಿತ್ರವೇ ಅದರ ಹತ್ತಾರು ಪಟ್ಟು ಆಗುತ್ತದೆ. ವೈಸ್ ಅವರು ನಾದದ ಚಿಕ್ಕ ಚಿಕ್ಕ ತುಣುಕುಗಳನ್ನು ಒಂದರ ಹಿಂದೊಂದು ಪೋಣಿಸಿ ಆಳವಾದ ನೀರಿನ ಭ್ರಮೆಯನ್ನು ಹುಟ್ಟಿಸಿದರು. ಆ ಆಟದ ಸಂಗೀತವೂ 2004ರಲ್ಲಿ 'ಕಾಂಗ್ ಇನ್ ಕನ್ಸರ್ಟ್' ಎಂಬ ಅಭಿಮಾನಿ ಸಂಕಲನವಾಯಿತು.

ಮರುಸಂಯೋಜಕನು ನಿಜವಾಗಿ ಕೊಡಬಲ್ಲ ಒಂದು ಕಾಣಿಕೆಯನ್ನು ಇಲ್ಲಿ ಹೇಳಬೇಕು. ಆಟದ ಮಟ್ಟಿಗೆ ಮುಕ್ತಾಯವಿಲ್ಲ. ಆಡುವವನು ಇರುವಷ್ಟು ಹೊತ್ತು ಅದು ಗಾಣದ ಎತ್ತಿನಂತೆ ಸುತ್ತುತ್ತಲೇ ಇರಬೇಕು. ಮಾರಿಯೋ ಆಟದಲ್ಲಿ ಗಡಿಯಾರ ನೂರಕ್ಕಿಂತ ಕೆಳಗಿಳಿದರೆ ಮಟ್ಟು ಅವಸರಪಡಿಸುತ್ತದೆ, ಅಷ್ಟೆ, ಮುಗಿಯುವುದಿಲ್ಲ. ಒಳ್ಳೆಯ ಮರುಸಂಯೋಜಕನು ಅದಕ್ಕೆ ಆದಿಯನ್ನೂ ಅಂತ್ಯವನ್ನೂ ಕೊಡುತ್ತಾನೆ. ದುಡಿಮೆಯಿಂದ ಬಿಡುಗಡೆಯಾದ ಮಟ್ಟು ಆಗ ತಾನು ಏನನ್ನು ಹೇಳಬಯಸಿತ್ತೋ ಅದನ್ನು ಹೇಳುತ್ತದೆ. ರನ್ನನು ಮಾಡಿದ್ದೂ ಇದೇ. ಪಂಪನಲ್ಲಿ ಕಥೆಯ ಓಟಕ್ಕೆ ದುಡಿಯುತ್ತಿದ್ದ ಪ್ರಸಂಗವೊಂದು ರನ್ನನಲ್ಲಿ ತನ್ನ ಮಾತನ್ನು ತಾನೇ ಆಡಿತು.

ನಮ್ಮ ಉಪಾಧ್ಯಾಯ ಮಿತ್ರರು ಇದನ್ನು ತರಗತಿಯಲ್ಲಿಯೇ ಪರೀಕ್ಷಿಸಬಹುದು. ಮಕ್ಕಳಿಗೆ ಗೊತ್ತಿರುವ ಶಿಶುಗೀತೆಯೊಂದನ್ನು ತೆಗೆದುಕೊಂಡು, ಒಬ್ಬನು ಹಾಡಿದ್ದನ್ನು ಇನ್ನೊಬ್ಬನು ಒಂದು ಮಾತ್ರೆ ತಡೆದು ಮೆಲ್ಲಗೆ ಹಾಡಲಿ. ಬಳಿಕ ಅದನ್ನೇ ನಿಧಾನವಾಗಿ ಹಾಡಲಿ. ಎಲ್ಲಿ ಹಾಡಿಗೆ ಹೊಸ ಅರ್ಥ ಬಂದಿತು, ಎಲ್ಲಿ ತೂಗು ಸತ್ತಿತು ಎಂದು ಮಕ್ಕಳೇ ಹೇಳುತ್ತಾರೆ. ಮರುಸಂಯೋಜನೆಯನ್ನು ಕೇಳಿಸಿದಾಗಲೂ ಮಾರ್ದನಿಯನ್ನು ಮನಸ್ಸಿನಲ್ಲಿ ಒರಸಿಹಾಕಿ, ಉಳಿದದ್ದರಲ್ಲಿ ಹೊಸದೇನಿದೆ ಎಂದು ಕೇಳುವ ಅಭ್ಯಾಸವನ್ನು ಅವರಿಗೆ ಮಾಡಿಸಬೇಕು.

ಈ ವಿವೇಕ ಗಡಿನಾಡಿನ ನಮಗೆ ಇನ್ನಷ್ಟು ಬೇಕು. ಕೊಡಂಗಲ್, ತಾಂಡೂರು ತಾಲ್ಲೂಕುಗಳು 1956ರಲ್ಲಿ ಗುಲ್ಬರ್ಗಾ ಜಿಲ್ಲೆಯಿಂದ ಬೇರ್ಪಟ್ಟವು. ಅಂದಿನಿಂದ ಇಲ್ಲಿ ಕನ್ನಡವನ್ನು ಪ್ರೀತಿಸುವುದೆಂದರೆ ಹಳೆಯದನ್ನು ನೆನೆಯುವುದು ಎಂಬ ಭಾವನೆ ಸುಲಭವಾಗಿ ಬೆಳೆಯುತ್ತದೆ. ಸಭೆಗಳಲ್ಲಿ ನಾವು ಪಂಪ ರನ್ನರ ಹೆಸರನ್ನು ಗಟ್ಟಿಯಾಗಿ ಕೂಗುತ್ತೇವೆ. ಅವರ ಒಂದು ಪದ್ಯವನ್ನು ಮಕ್ಕಳೊಡನೆ ಕುಳಿತು ಬಿಡಿಸುವುದು ಕಡಮೆ. ಆಟದ ಮಟ್ಟೊಂದನ್ನು ಸ್ವರ ಸ್ವರವಾಗಿ ಬಿಡಿಸಿ, ಅದರ ಇಕ್ಕಟ್ಟನ್ನು ಅರಿತು, ಮತ್ತೆ ಕಟ್ಟುವ ದೂರದ ಅಭಿಮಾನಿಯಿಂದ ನಾವು ಕಲಿಯಬೇಕಾದದ್ದು ಆ ದುಡಿಮೆಯನ್ನು. ಸಹೃದಯರು ಈ ಮಾತನ್ನು ವಿಚಾರಮಾಡಬೇಕೆಂದು ಕೋರುತ್ತೇವೆ.